ಫಿಶ್ ಹೌಸ್‌ನಲ್ಲಿ ಹನ್ನೆರಡು ತಿಂಗಳು: ಮಿನ್ನೆಸೋಟದ ಒಂದು ಪ್ರಕರಣ

ಹಿನ್ನೆಲೆ

ಅಮೆರಿಕದ ಉತ್ತರದ ರಾಜ್ಯ ಮಿನ್ನೆಸೋಟದಲ್ಲಿ ಜನವರಿ ಬಂತೆಂದರೆ ಕೆರೆಗಳ ಮೇಲೆ ಊರು ಏಳುತ್ತದೆ. ಮಿಲ್ ಲ್ಯಾಕ್ಸ್, ರೆಡ್ ಲೇಕ್, ಲೇಕ್ ಆಫ್ ದ ವುಡ್ಸ್‌ನಂಥ ದೊಡ್ಡ ಕೆರೆಗಳಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ಸಾಲು ಸಾಲು ಪುಟ್ಟ ಮನೆಗಳು, ನಡುವೆ ಹಿಮ ಸರಿಸಿ ಮಾಡಿದ ರಸ್ತೆಗಳು. ಒಳಗೆ ಬೆಚ್ಚಗೆ ಕೂತವರು ನೆಲದ ತೂತಿನ ಕೆಳಗೆ ಮಂಜುಗಡ್ಡೆ ಕೊರೆದು, ಗಾಳ ಇಳಿಬಿಟ್ಟು ಮೀನಿಗೆ ಕಾಯುತ್ತಾರೆ. ಈ ಮನೆಯೇ ಫಿಶ್ ಹೌಸ್.

ಹೊರಗಿನಿಂದ ಸಾಧಾರಣ ಟ್ರೈಲರ್‌ನಂತೆಯೇ ಕಾಣುತ್ತದೆ. ವ್ಯತ್ಯಾಸ ಇರುವುದು ಚಕ್ರದಲ್ಲಿ. ಕೈಯಲ್ಲಿ ತಿರುಗಿಸುವ ವಿಂಚ್‌ನಿಂದಲೋ ಹೈಡ್ರಾಲಿಕ್ ಪಂಪ್‌ನಿಂದಲೋ ಚಕ್ರ ಮೇಲೆ ಸರಿಯುತ್ತದೆ, ಇಡೀ ಮನೆ ಕೆಳಗಿಳಿದು ಮಂಜುಗಡ್ಡೆಗೆ ಅಂಟಿ ಕೂರುತ್ತದೆ. ಗೋಡೆ, ಸೂರು, ನೆಲಕ್ಕೆ ಸ್ಪ್ರೇ ಫೋಮ್ ಇನ್ಸುಲೇಷನ್ ಇರುತ್ತದೆ. ಪ್ರೊಪೇನ್‌ನಲ್ಲಿ ಉರಿಯುವ ಫರ್ನೇಸ್, ಮಂಚ, ಒಲೆ ಇರುತ್ತವೆ. ದೊಡ್ಡದಾದರೆ ಶವರ್ ಮತ್ತು ಟಾಯ್ಲೆಟ್ ಕೂಡ. ಇಂಥ ದೊಡ್ಡ ಗಾಡಿಯನ್ನು ಭಾರದ ಟ್ರಕ್ಕಿಗೆ ಕಟ್ಟಿ ಕೆರೆಗಿಳಿಸಲು ಕನಿಷ್ಠ 20 ಇಂಚು ದಪ್ಪದ ಮಂಜುಗಡ್ಡೆ ಬೇಕು ಎನ್ನುತ್ತದೆ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ.

ಇನ್ನು ಈ ಪ್ರಕರಣ. ಇದರಲ್ಲಿ ಬರುವವರನ್ನು ಡಿ ಎಂದಿಟ್ಟುಕೊಳ್ಳೋಣ. ಇಲ್ಲಿಯೇ ಹುಟ್ಟಿ ಬೆಳೆದವರು, ಐವತ್ತು ದಾಟಿದವರು, ಒಂಟಿ. ಊರು, ಕೌಂಟಿ (ಇಲ್ಲಿನ ಜಿಲ್ಲೆ), ಗಾಡಿಯ ಕಂಪನಿ ಯಾವುದನ್ನೂ ಹೇಳುತ್ತಿಲ್ಲ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಕಟ್ಟಡಗಳ ಹೀಟಿಂಗ್ ಲೆಕ್ಕ ನನ್ನ ಹೊಟ್ಟೆಪಾಡಿನ ಕೆಲಸ. ಹಾಗಾಗಿ ಗಾಡಿ ಕೊಂಡ ಮೇಲಿನ ಬೆಳವಣಿಗೆಯನ್ನೆಲ್ಲ ಹತ್ತಿರದಿಂದ ನೋಡಿದೆ. ಇಲ್ಲಿಗೆ ಕೆಲಸಕ್ಕೆಂದು ಬರುವ ನಮ್ಮ ಹುಡುಗರಲ್ಲೂ ಒಬ್ಬಿಬ್ಬರು, ಅಪಾರ್ಟ್‌ಮೆಂಟ್ ಬಾಡಿಗೆ ನೋಡಿ ತಲೆ ತಿರುಗಿ, 'ಇಂಥದ್ದೊಂದು ತಗೊಂಡು ಇದ್ದುಬಿಡಬಹುದಲ್ವಾ' ಎಂದು ಕೇಳಿದ್ದಾರೆ. ಅವರಿಗೂ ಇದು ಉಪಯೋಗಕ್ಕೆ ಬಂದೀತು.

ಯಾಕೆ ಇದೇ ಗಾಡಿ

2022ರಲ್ಲಿ ಡಿ ಅವರ ಬಾಡಿಗೆ ತಿಂಗಳಿಗೆ 1,350 ಡಾಲರ್‌ಗೆ ಏರಿತು. ಅವರ ಮುಂದೆ ಮೂರು ದಾರಿ ಇದ್ದವು. ಮೊದಲನೆಯದು, ಕಾರ್ಖಾನೆಯಲ್ಲಿ ಕಟ್ಟಿ ತಂದು ನಿಲ್ಲಿಸುವ ಮ್ಯಾನುಫ್ಯಾಕ್ಚರ್ಡ್ ಹೋಮ್. ಇದಕ್ಕೆ 1976ರಿಂದ ಫೆಡರಲ್ ಸರ್ಕಾರದ ವಸತಿ ಇಲಾಖೆಯದೇ ಕಟ್ಟಡ ನಿಯಮ ಇದೆ. ಖಾಯಂ ವಾಸಕ್ಕೆಂದೇ ಕಟ್ಟುತ್ತಾರೆ. ಎರಡನೆಯದು, ಸಾಮಾನ್ಯ ಪ್ರವಾಸಿ ಟ್ರೈಲರ್. ಇವುಗಳ ತೆಳು ಗೋಡೆಯಲ್ಲಿ ಹೆಚ್ಚಾಗಿ ತುಂಬಿರುವುದು ಫೈಬರ್‌ಗ್ಲಾಸ್ ಹತ್ತಿ. ಮೂರನೆಯದು ಫಿಶ್ ಹೌಸ್.

ಡಿ ಮನಸ್ಸು ಮೊದಲಿನಿಂದಲೂ ಮೂರನೆಯದರ ಕಡೆಗೇ ಇತ್ತು. ಎಷ್ಟೋ ವರ್ಷಗಳಿಂದ ಗೆಳೆಯರ ಫಿಶ್ ಹೌಸ್‌ನಲ್ಲಿ ವಾರಾಂತ್ಯ ಕಳೆದವರು. ಹೊರಗೆ ಸೊನ್ನೆಗಿಂತ 25 ಡಿಗ್ರಿ ಕೆಳಗೆ, ಒಳಗೆ ಟೀ ಶರ್ಟ್. ಮೂರು ದಿನ ಇಷ್ಟು ಬೆಚ್ಚಗಿರುವ ಗಾಡಿ ಮುನ್ನೂರು ದಿನವೂ ಇರಲ್ವಾ ಎನ್ನುವುದು ಅವರ ವಾದ.

ವಾದದಲ್ಲಿ ಸತ್ಯ ಇದೆ. ಸ್ಪ್ರೇ ಫೋಮ್ ಮೂಲೆಮೂಲೆಗೂ ಉಬ್ಬಿ ಅಂಟಿಕೊಳ್ಳುವುದರಿಂದ ಗಾಳಿ ಸೋರುವುದು ಕಡಿಮೆ. ಅದೇ ದಪ್ಪದ ಫೈಬರ್‌ಗ್ಲಾಸ್‌ಗಿಂತ ಅದು ಶಾಖವನ್ನು ಹೆಚ್ಚು ಹಿಡಿದಿಡುತ್ತದೆ. ಆದರೆ ವಾರಾಂತ್ಯದ ಅನುಭವದಲ್ಲಿ ಕಾಣದೇ ಹೋಗುವ ಸಂಗತಿಗಳಿವೆ. ಕೆರೆಯ ಮೇಲೆ ಯಾರೂ ದಿನಾ ಸ್ನಾನ ಮಾಡುವುದಿಲ್ಲ, ಬಟ್ಟೆ ಒಣಗಿಸುವುದಿಲ್ಲ. ಭಾನುವಾರ ಸಂಜೆ ಮನೆಗೆ ಬಂದ ಮೇಲೆ ಗಾಡಿಯ ಬಾಗಿಲು ತೆರೆದಿಟ್ಟರೆ ಒಳಗಿನ ತೇವವೆಲ್ಲ ಆರಿಹೋಗುತ್ತದೆ. ಟ್ಯಾಂಕಿನ ಕೊಳಚೆಯನ್ನು ದಾರಿಯಲ್ಲೇ ಖಾಲಿ ಮಾಡಿ ಬಂದಿರುತ್ತಾರೆ. ಸದಾ ಅಲ್ಲೇ ಇರುವವರಿಗೆ ಆ ಭಾನುವಾರ ಸಂಜೆ ಬರುವುದೇ ಇಲ್ಲ.

ಕೊನೆಗೆ ಆಯ್ಕೆ ಎರಡು ಗಾಡಿಗಳ ನಡುವೆ ಬಂತು. ಎರಡೂ ಬಳಸಿದವು, ಎರಡೂ 8 ಅಡಿ ಅಗಲ, 21 ಅಡಿ ಉದ್ದ. ಒಂದನ್ನು ಸಣ್ಣ ವರ್ಕ್‌ಶಾಪಿನಲ್ಲಿ ಕಟ್ಟಿಸಿದ್ದರು. ಬೆಲೆ 26 ಸಾವಿರ ಡಾಲರ್, ಕೆಲಸ ಅಚ್ಚುಕಟ್ಟು. ಇನ್ನೊಂದು 34 ಸಾವಿರ. ಅದರ ಬಾಗಿಲ ಪಕ್ಕ ಆರ್‌ವಿ, ಅಂದರೆ ಒಳಗೇ ಉಳಿದುಕೊಳ್ಳಬಹುದಾದ ಪ್ರವಾಸಿ ಗಾಡಿಗಳ ಉದ್ಯಮದ ಸಂಘವಾದ ಆರ್‌ವಿಐಎಯ ಸಣ್ಣ ಮುದ್ರೆ ಇತ್ತು. ವೈರಿಂಗ್, ಗ್ಯಾಸ್, ನೀರಿನ ಪೈಪು, ಬೆಂಕಿ ಸುರಕ್ಷತೆ ಇವುಗಳ ನಿಯಮ ಪಾಲಿಸಿ ಕಟ್ಟಿದ್ದೇವೆ ಎಂಬುದರ ಗುರುತು ಅದು. ಖಾಯಂ ವಾಸಕ್ಕೆ ಯೋಗ್ಯ ಎಂದು ಅದರ ಅರ್ಥ ಅಲ್ಲ. ಡಿ ಎರಡನೆಯದನ್ನೇ ಕೊಂಡರು. ಕಾರಣ ಮುದ್ರೆ ಅಲ್ಲ, ಅದರಲ್ಲಿ ಶವರ್ ಚೆನ್ನಾಗಿತ್ತು. ಈ ಮುದ್ರೆಯ ಬೆಲೆ ಅವರಿಗೆ ಗೊತ್ತಾಗಿದ್ದು ಮರುವರ್ಷ.

ನಿಲ್ಲಿಸುವ ಜಾಗ? ಗೆಳೆಯರೊಬ್ಬರಿಗೆ ಹಳ್ಳಿ ಕಡೆ ಐದು ಎಕರೆ ಇತ್ತು. 'ಗ್ಯಾರೇಜ್ ಪಕ್ಕ ನಿಲ್ಲಿಸಿಕೋ' ಅಂದರು. ಅಷ್ಟರಲ್ಲಿ ಆ ಮಾತು ಮುಗಿಯಿತು. ಗಾಡಿ ಆರಿಸಲು ಇಡೀ ಬೇಸಿಗೆ ಹಿಡಿದಿತ್ತು, ಜಾಗಕ್ಕೆ ಒಂದು ಫೋನ್ ಕರೆ.

ವಿಮೆಯ ಏಜೆಂಟ್ ಮಾತ್ರ ಒಂದು ಒಳ್ಳೆ ಪ್ರಶ್ನೆ ಕೇಳಿದರು: 'ಇದರಲ್ಲೇ ವಾಸ ಮಾಡ್ತೀರಾ?' ಡಿ ಹೌದೆಂದರು. ಸುಮ್ನೆ ಇಲ್ಲ ಅಂದಿದ್ದರೆ ವಿಮೆಯ ಕಂತು ಅರ್ಧಕ್ಕಿಂತ ಕಡಿಮೆ ಆಗುತ್ತಿತ್ತು. ಆದರೆ ರಜೆಯ ಬಳಕೆಗೆಂದು ಕೊಡುವ ಪಾಲಿಸಿ ತೆಗೆದುಕೊಂಡು ಅದರಲ್ಲೇ ವಾಸ ಮಾಡಿದರೆ, ಬೆಂಕಿ ಬಿದ್ದಾಗ ಕಂಪನಿ ಕೈ ಎತ್ತಲು ಕಾರಣ ಸಿಗುತ್ತದೆ. ಪೂರ್ಣಾವಧಿ ವಾಸದ ಪಾಲಿಸಿಗೆ ತಿಂಗಳಿಗೆ ಸುಮಾರು 85 ಡಾಲರ್ ಬಿತ್ತು. ಇಡೀ ಪ್ರಕರಣದಲ್ಲಿ ಕಣ್ಣು ಮುಚ್ಚಿ ಒಪ್ಪಬಹುದಾದ ನಿರ್ಧಾರ ಇದು.

ಶಾಖದ ಲೆಕ್ಕ

ಅಕ್ಟೋಬರ್‌ನಲ್ಲಿ ಅವರ ಗಾಡಿಯನ್ನು ಅಳೆದು ಲೆಕ್ಕ ಹಾಕಿಕೊಟ್ಟೆ. ಗೋಡೆ, ಸೂರು, ನೆಲ ಸೇರಿ ಸುಮಾರು 720 ಚದರ ಅಡಿ. ಗೋಡೆಯ ಫೋಮ್ ಒಂದೂವರೆ ಇಂಚು. ಕಾಗದದ ಮೇಲೆ ಅದರ ಆರ್-ವ್ಯಾಲ್ಯೂ, ಅಂದರೆ ಶಾಖ ಸೋರದಂತೆ ತಡೆಯುವ ಗುಣದ ಅಳತೆ, ಹತ್ತರ ಹತ್ತಿರ. ಆದರೆ ನಡುನಡುವೆ ಬರುವ ಲೋಹದ ಚೌಕಟ್ಟು ಶಾಖವನ್ನು ಹೊರಗೆ ಸಾಗಿಸುವುದರಿಂದ ಎಂಟು ಎಂದೇ ಹಿಡಿದೆ. ಕಿಟಕಿ, ಸೋರುವ ಗಾಳಿ ಎಲ್ಲ ಸೇರಿಸಿದರೆ, ಒಳಗೆ 20 ಡಿಗ್ರಿ, ಹೊರಗೆ ಮೈನಸ್ 30 ಇದ್ದಾಗ ಬೇಕಾಗುವುದು ಮೂರೂವರೆ ಕಿಲೋವ್ಯಾಟ್ ಶಾಖ. ಗಾಡಿಯ ಫರ್ನೇಸ್ ಸುಮಾರು ಎಂಟು ಕಿಲೋವ್ಯಾಟ್‌ನದು. ಧಾರಾಳ.

ಇಂಧನ? ಅಂಥ ಕಡು ಚಳಿಯ ದಿನ ದಿನಕ್ಕೆ ನಾಲ್ಕು ಗ್ಯಾಲನ್ ಪ್ರೊಪೇನ್ ಬೇಕು. ಅಂದರೆ ಇಲ್ಲಿನ 20 ಪೌಂಡಿನ, 9 ಕೆಜಿಯ ಸಿಲಿಂಡರ್ ದಿನಕ್ಕೆ ಹತ್ತಿರ ಹತ್ತಿರ ಒಂದು. ಮೈನಸ್ 10ರ ಸಾಧಾರಣ ಜನವರಿ ದಿನಕ್ಕೆ ಅರ್ಧ ಸಿಲಿಂಡರ್ ಸಾಕು. ಡಿ ಆ ಲೆಕ್ಕ ನೋಡಿ 100 ಪೌಂಡಿನ ಎರಡು ಸಿಲಿಂಡರ್ ಹಾಕಿಸಿಕೊಂಡರು. ಚಿಕ್ಕ ಸಿಲಿಂಡರ್‌ಗೆ ಇನ್ನೊಂದು ತೊಂದರೆ ಇದೆ. ಚಳಿ ಜಾಸ್ತಿಯಾದಂತೆ ದ್ರವ ಆವಿಯಾಗುವುದು ನಿಧಾನವಾಗುತ್ತದೆ, ಫರ್ನೇಸ್ ಕೇಳಿದಷ್ಟು ಗ್ಯಾಸ್ ಬರುವುದಿಲ್ಲ. ನಮ್ಮ ಊರಿನ ಅಡುಗೆ ಸಿಲಿಂಡರ್ ಇಲ್ಲಿ ಇದ್ದಿದ್ದರೆ ಒಲೆ ಹತ್ತುವುದೇ ಕಷ್ಟವಿತ್ತು. ಅದರಲ್ಲಿ ಬ್ಯೂಟೇನ್ ಬೆರೆತಿರುತ್ತದೆ, ಬ್ಯೂಟೇನ್ ಸೊನ್ನೆಯ ಹತ್ತಿರವೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತದೆ.

ಅಂತೂ ಬೆಚ್ಚಗಿರುವುದು ಸಮಸ್ಯೆಯೇ ಅಲ್ಲ ಎಂದು ಅಲ್ಲಿಗೇ ತೀರ್ಮಾನವಾಯಿತು. ಆಗ ಅವರ ತಲೆಯಲ್ಲಿದ್ದ ಚಿಂತೆ ಅದೊಂದೇ.

ಮೊದಲ ಚಳಿಗಾಲ

2022-23ರ ಚಳಿಗಾಲ ಇಲ್ಲಿನ ಅವಳಿ ನಗರಗಳಾದ ಮಿನ್ನಿಯಾಪೊಲಿಸ್-ಸೇಂಟ್ ಪಾಲ್‌ನಲ್ಲಿ 90 ಇಂಚು ಹಿಮ ಸುರಿಸಿತು, ದಾಖಲೆಯಲ್ಲೇ ಮೂರನೆಯ ಅತಿ ಹೆಚ್ಚು. ಡಿ ಗಾಡಿಯನ್ನು ಕೆರೆಯ ಮೇಲೆ ಇಳಿಸುವಂತೆಯೇ ನೆಲಕ್ಕೆ ಇಳಿಸಿದ್ದರು. ಕೆಳಗೆ ಗಾಳಿ ನುಗ್ಗುವುದಿಲ್ಲ, ನೆಲ ಬೆಚ್ಚಗಿರುತ್ತದೆ ಎಂಬ ಲೆಕ್ಕ. ನೆಲ ಬೆಚ್ಚಗಿತ್ತು ಕೂಡ. ತೂತುಗಳಿಗೆ ಇದ್ದ ಪ್ಲಾಸ್ಟಿಕ್ ಮುಚ್ಚಳದ ಸುತ್ತ ಮಾತ್ರ ಕಾಲಿಗೆ ತಣ್ಣಗೆ ತಾಗುತ್ತಿತ್ತು. ಎರಡು ಇಂಚು ದಪ್ಪದ ಫೋಮ್ ಹಲಗೆಯನ್ನು ದುಂಡಗೆ ಕತ್ತರಿಸಿ ಪ್ರತಿ ತೂತಿಗೂ ತುರುಕಿದ ಮೇಲೆ ಅದೂ ನಿಂತಿತು. ಇಲಿಗಳು ಬರುತ್ತಿದ್ದ ದಾರಿಯೂ ಅದೇ ಆಗಿತ್ತು, ಅದೂ ಬಂದ್ ಆಯಿತು.

ಗಾಡಿ ಕೆಳಗೆ ಕೂತಾಗ ಫರ್ನೇಸ್‌ನ ಹೊಗೆ ಕಿಂಡಿಯೂ ನೆಲಕ್ಕೆ ಹತ್ತಿರವಾಗುತ್ತದೆ. ಒಂದು ರಾತ್ರಿ ಗಾಳಿಗೆ ಹಿಮ ಗುಡ್ಡೆಯಾಗಿ ಕಿಂಡಿ ಮುಚ್ಚಿತು. ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಗಿತು. ಡಿ ಎದ್ದು ಬಾಗಿಲು ತೆರೆದಿಟ್ಟು, ಸಲಿಕೆ ಹಿಡಿದು ಹೊರಗೆ ಹೋದರು. ಅಲಾರಂ ಇಲ್ಲದ ಹಳೆಯ ಗಾಡಿಗಳು ಈಗಲೂ ಮಾರಾಟಕ್ಕೆ ಬರುತ್ತವೆ. ಅಂಥದ್ದನ್ನು ಕೊಂಡವರು ಅವತ್ತೇ ಒಂದನ್ನು ತಂದು ಹಾಕಬೇಕು, ಅದರಲ್ಲಿ ಚೌಕಾಸಿ ಬೇಡ.

ದೊಡ್ಡ ಪೆಟ್ಟು ಬಂದದ್ದು ಇನ್ನೊಂದು ಕಡೆಯಿಂದ. ಜನವರಿಯ ನಡುವಿನಲ್ಲಿ ಅವರು ಹಾಸಿಗೆ ಎತ್ತಿ ನೋಡಿದರು. ಅಡಿಯ ಪ್ಲೈವುಡ್ ಒದ್ದೆ. ಗೋಡೆಗೆ ತಾಗಿದ ಅಂಚಿನಲ್ಲಿ ಕಪ್ಪು ಚುಕ್ಕೆಗಳ ಬೂಸ್ಟು. ದಿಂಬಿನ ಹಿಂದೆ, ಚೌಕಟ್ಟಿನ ಲೋಹ ಇರುವ ಕಡೆ ಒಂದೊಂದು ಅಡಿಗೆ ಒಂದರಂತೆ ಉದ್ದುದ್ದ ಮಂಜಿನ ಪಟ್ಟಿ. ಗೋಡೆಯೊಳಗಿನ ಅಸ್ಥಿಪಂಜರವನ್ನೇ ಎಕ್ಸ್‌ರೇ ತೆಗೆದು ಅಂಟಿಸಿದಂತಿತ್ತು. ಕಿಟಕಿಯ ಕೆಳಗೆ ಹಾಸಿದ್ದ ಟವೆಲ್ ಬೆಳಗ್ಗೆ ಗೋಡೆಗೆ ಅಂಟಿ ಗಟ್ಟಿಯಾಗಿರುತ್ತಿತ್ತು.

ಕಾರಣ ಸರಳ ಲೆಕ್ಕದಲ್ಲಿದೆ. ಗಾಡಿಯ ಒಳಗಿನ ಗಾಳಿ ಸುಮಾರು 31 ಘನ ಮೀಟರ್. 20 ಡಿಗ್ರಿಯಲ್ಲಿ ಅಷ್ಟು ಗಾಳಿ ಹೊರಬಹುದಾದ ನೀರಾವಿ ಹೆಚ್ಚೆಂದರೆ ಅರ್ಧ ಲೀಟರ್ ಚಿಲ್ಲರೆ. ಒಬ್ಬ ಮನುಷ್ಯನ ಉಸಿರು, ಬೆವರಿನಿಂದಲೇ ದಿನಕ್ಕೆ ಒಂದು ಲೀಟರ್ ಆಸುಪಾಸು ನೀರು ಗಾಳಿಗೆ ಸೇರುತ್ತದೆ. ಗ್ಯಾಸ್ ಒಲೆಯಲ್ಲಿ ಒಂದು ಕೆಜಿ ಪ್ರೊಪೇನ್ ಉರಿದರೆ 1.6 ಕೆಜಿ ನೀರು ಹುಟ್ಟುತ್ತದೆ. ಫರ್ನೇಸ್‌ನದು ಕಿಂಡಿಯಿಂದ ಹೊರಗೆ ಹೋಗುತ್ತದೆ, ಒಲೆಯದು ಒಳಗೇ ಉಳಿಯುತ್ತದೆ. ಮೇಲೆ ಶವರ್, ಕುದಿಯುವ ಸಾರು, ಒಣಹಾಕಿದ ಸಾಕ್ಸ್. ದೊಡ್ಡ ಮನೆಯಲ್ಲಿ ಇದು ಗಮನಕ್ಕೂ ಬರುವುದಿಲ್ಲ. ಗಾಳಿ ಸೋರದಂತೆ ಫೋಮ್ ಹೊಡೆದ ಪುಟ್ಟ ಗೂಡಿನಲ್ಲಿ ಅಷ್ಟೂ ನೀರು ತಣ್ಣನೆಯ ಜಾಗ ಹುಡುಕಿಕೊಂಡು ಹೋಗುತ್ತದೆ. ಒಳಗೆ 20 ಡಿಗ್ರಿ, ತೇವಾಂಶ ಶೇ 50 ಇದ್ದರೆ, 9 ಡಿಗ್ರಿಗಿಂತ ತಣ್ಣಗಿರುವ ಯಾವ ಮೇಲ್ಮೈ ಮೇಲಾದರೂ ನೀರು ಕಟ್ಟುತ್ತದೆ. ಹಾಸಿಗೆ ಮರೆಯಾಗಿರುವ ಗೋಡೆಗೆ ಕೋಣೆಯ ಶಾಖ ತಲುಪುವುದೇ ಇಲ್ಲ. ಹಾಗಾಗಿ ಮೊದಲು ಬೆವರುವುದು ಅದೇ.

ಡಿ ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ: ಶಾಖ ಏರಿಸಿದರು. ಗಾಳಿ ಬೆಚ್ಚಗಾಗಿ ಇನ್ನಷ್ಟು ನೀರು ಹೊತ್ತುಕೊಂಡಿತು, ಅದೇ ಮೂಲೆಗಳಿಗೆ ಸುರಿಯಿತು. ಆಮೇಲೆ ಸೂರಿನ ಕಿಂಡಿ ಸ್ವಲ್ಪ ತೆರೆದು ಸಣ್ಣ ಫ್ಯಾನ್ ಹಾಕಿದರು. ಇದರಿಂದ ಉಪಯೋಗವಾಯಿತು. ಹೊರಗಿನ ಚಳಿ ಗಾಳಿಯಲ್ಲಿ ನೀರಿನಂಶ ತೀರಾ ಕಡಿಮೆ, ಒಳಗೆ ಬಂದು ಬಿಸಿಯಾದರೆ ಅದು ಒಣ ಗಾಳಿ. ಗ್ಯಾಸ್ ಖರ್ಚು ಸ್ವಲ್ಪ ಏರಿತು, ಅಷ್ಟೇ. ಹಾಸಿಗೆ ಅಡಿಗೆ ಮರದ ಪಟ್ಟಿಗಳ ಚೌಕಟ್ಟು ಇಟ್ಟು, ಗೋಡೆಯಿಂದ ಎರಡು ಇಂಚು ದೂರ ಸರಿಸಿದರು.

ನಿಜವಾದ ಪರಿಹಾರ ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಮತ್ತು ಇಂಡಕ್ಷನ್ ಒಲೆ. ಎರಡಕ್ಕೂ ವಿದ್ಯುತ್ ಬೇಕು. ಗೆಳೆಯನ ಗ್ಯಾರೇಜ್‌ನಿಂದ ಎಳೆದಿದ್ದ ಒಂದೇ ಎಕ್ಸ್‌ಟೆನ್ಷನ್ ವೈರು 15 ಆಂಪಿಯರ್‌ನದು, ಅಂದರೆ 1.8 ಕಿಲೋವ್ಯಾಟ್. ಅದರಲ್ಲೇ ಫ್ರಿಜ್, ನೀರಿನ ಟ್ಯಾಂಕಿನ ಹೀಟರ್, ಬೆಳಗ್ಗೆ ಟ್ರಕ್ಕಿನ ಎಂಜಿನ್ ಬಿಸಿ ಮಾಡುವ ಬ್ಲಾಕ್ ಹೀಟರ್. ಇಂಡಕ್ಷನ್ ಹಚ್ಚಿದರೆ ಬ್ರೇಕರ್ ಬೀಳುತ್ತಿತ್ತು. ಗಾಡಿಯ ಗುಣ ಎಷ್ಟೇ ಇರಲಿ, ಅದು ನಿಂತ ಜಾಗ ಅದಕ್ಕೆ ಏನು ಕೊಡುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ ಎಂದು ಡಿಗೆ ಮನವರಿಕೆಯಾದದ್ದು ಆ ಬ್ರೇಕರ್ ಮುಂದೆ.

ಕೊಳಚೆಯದ್ದೂ ಅದೇ ಕಥೆ. ಗಾಡಿ ನೆಲಕ್ಕೆ ಕೂತರೆ ಟ್ಯಾಂಕಿನ ಹೊರಕೊಳವೆ ನೆಲದಿಂದ ಬರೀ ಕೆಲವು ಇಂಚು ಮೇಲೆ. ಇಳಿಜಾರೇ ಇಲ್ಲದ ಮೇಲೆ ನೀರು ಹರಿಯುವುದೆಲ್ಲಿಗೆ? ಖಾಲಿ ಮಾಡಬೇಕಾದರೆ ಗಾಡಿಯನ್ನು ಪ್ರತಿ ಸಲ ಎತ್ತಬೇಕು. ಫೆಬ್ರವರಿಯಲ್ಲಿ ಒಮ್ಮೆ ಬಿಸಿಲಿಗೆ ಕರಗಿದ ಹಿಮ ಅಡಿಗೆ ಹರಿದು ರಾತ್ರಿ ಹೆಪ್ಪುಗಟ್ಟಿತು. ಚೌಕಟ್ಟು ನೆಲಕ್ಕೆ ಬೆಸೆದುಕೊಂಡಿತು. ಕೆರೆಯ ಮೇಲೆ ಅನುಭವಿಗಳು ಚೌಕಟ್ಟಿನ ಕೆಳಗೆ ಮರದ ತುಂಡು ಇಡುವುದು ಇದಕ್ಕೇ. ಡಿಗೆ ಇದು ಗೊತ್ತಿತ್ತು. ಆದರೆ ಮಣ್ಣಿನ ಮೇಲೂ ಹಾಗೇ ಆಗುತ್ತದೆ ಎಂದು ಅನ್ನಿಸಿರಲಿಲ್ಲ. ಅಲ್ಲಿಂದ ನೀರು ಬೇಡದ ಒಣ ಟಾಯ್ಲೆಟ್ ಬಂತು. ಬಚ್ಚಲು ನೀರು ಕೊಡಗಳಲ್ಲಿ ಗೆಳೆಯನ ಮನೆಯ ಬಚ್ಚಲಿಗೆ ಹೋಯಿತು. ಶವರ್‌ಗೆಂದು ಎಂಟು ಸಾವಿರ ಜಾಸ್ತಿ ಕೊಟ್ಟು ಕೊಂಡ ಗಾಡಿ, ಸ್ನಾನ ಜಿಮ್‌ನಲ್ಲಿ.

ಕೌಂಟಿಯ ಪತ್ರ

ಏಪ್ರಿಲ್‌ನಲ್ಲಿ ಗೆಳೆಯನ ಹೆಸರಿಗೆ ಕೌಂಟಿಯಿಂದ ಪತ್ರ ಬಂತು. ಯಾರೋ ದೂರು ಕೊಟ್ಟಿದ್ದರು. ಎರಡು ವಿಷಯ: ಆ ಜಮೀನಿನಲ್ಲಿ ಟ್ರೈಲರ್‌ನಲ್ಲಿ ಖಾಯಂ ವಾಸಕ್ಕೆ ಅನುಮತಿ ಇಲ್ಲ. ಟ್ರೈಲರ್‌ನ ಕೊಳಚೆ ನೀರಿಗೆ ಒಪ್ಪಿತ ವ್ಯವಸ್ಥೆ ಇಲ್ಲ. ಶರತ್ಕಾಲದೊಳಗೆ ಸರಿಪಡಿಸಿ ಅಥವಾ ತೆಗೆಯಿರಿ.

ಡಿ ಮೊದಲು ಸಿಟ್ಟಾದರು. ಅವರಿಗಿದ್ದ ಧೋರಣೆ ಹಲವರದ್ದು: ಜಮೀನು ಗೆಳೆಯನದು, ಗಾಡಿ ನನ್ನದು, ನಿಮಗೇನು? ಆದರೆ ಅಲ್ಲಿ ಕುಡಿಯುವ ನೀರು ಬರುವುದು ಬಾವಿಯಿಂದ. ಕೊಳಚೆಯ ಬಗ್ಗೆ ಕೌಂಟಿ ಬಿಗಿಯಾಗಿರುವುದರಲ್ಲಿ ಅರ್ಥ ಇದೆ ಎಂದೇ ನನ್ನ ಅಭಿಪ್ರಾಯ. ಅವರ ಮುಂದೆ ಇದ್ದ ದಾರಿಗಳನ್ನು ಒಂದೊಂದಾಗಿ ತೂಗಿದೆವು. ಹೊಸ ಸೆಪ್ಟಿಕ್ ವ್ಯವಸ್ಥೆಗೆ ಕೇಳಿದ ಬೆಲೆ 20 ಸಾವಿರ ಡಾಲರ್ ಮೇಲೆ, ಅದೂ ಬೇರೆಯವರ ಜಮೀನಿನಲ್ಲಿ ಹೂಳಬೇಕಾದ ದುಡ್ಡು. ಅದಾದ ಮೇಲೂ ವಾಸದ ಅನುಮತಿ ಸಿಗುವುದು ಖಾತ್ರಿ ಇಲ್ಲ. ಗಾಡಿ ಮಾರುವುದು ಇನ್ನೊಂದು. ಚಳಿಗಾಲಕ್ಕೆ ಅರಿಜೋನಾ, ಟೆಕ್ಸಸ್ ಕಡೆ ಹೋಗುವುದು ಮತ್ತೊಂದು, ಆದರೆ ಕೆಲಸ ಇಲ್ಲಿದೆ. ಉಳಿದದ್ದು, ಬಾಡಿಗೆ ಕೊಟ್ಟು ಟ್ರೈಲರ್ ನಿಲ್ಲಿಸುವ, ವರ್ಷಪೂರ್ತಿ ತೆರೆದಿರುವ ಟ್ರೈಲರ್ ಪಾರ್ಕ್.

ಇಲ್ಲಿ ಗೊತ್ತಾದದ್ದು ಮೊದಲೇ ಗೊತ್ತಿದ್ದರೆ ಎಷ್ಟೋ ಖರ್ಚು ಉಳಿಯುತ್ತಿತ್ತು. ಮಿನ್ನೆಸೋಟದ ಕ್ಯಾಂಪ್ ಜಾಗಗಳಲ್ಲಿ ಹೆಚ್ಚಿನವು ಮೇ ತಿಂಗಳಿಗೆ ತೆರೆದು ಅಕ್ಟೋಬರ್ ಹೊತ್ತಿಗೆ ನೀರು ನಿಲ್ಲಿಸುತ್ತವೆ. ಕಾರಣ ಸೋಮಾರಿತನ ಅಲ್ಲ. ನೆಲವೇ ಹೆಪ್ಪುಗಟ್ಟುತ್ತದೆ. ಇಲ್ಲಿನ ಕಟ್ಟಡ ನಿಯಮದ ಪ್ರಕಾರ ಅಡಿಪಾಯ ರಾಜ್ಯದ ದಕ್ಷಿಣ ಭಾಗದಲ್ಲಿ 42 ಇಂಚು, ಉತ್ತರದಲ್ಲಿ 60 ಇಂಚು ಆಳಕ್ಕೆ ಹೋಗಬೇಕು. ನೀರಿನ ಪೈಪು ಅದಕ್ಕಿಂತ ಆಳದಲ್ಲಿರಬೇಕು. ಬೇಸಿಗೆಗೆಂದು ಮೇಲೆ ಮೇಲೆ ಹೂತ ಪೈಪು ಜನವರಿಯಲ್ಲಿ ಸಿಡಿಯುತ್ತದೆ. ವರ್ಷಪೂರ್ತಿ ನೀರು ಕೊಡುವ ಜಾಗ ಹೆಚ್ಚಾಗಿ ಮ್ಯಾನುಫ್ಯಾಕ್ಚರ್ಡ್ ಹೋಮ್‌ಗಳ ಪಾರ್ಕ್‌ಗಳಲ್ಲಿ ಇರುತ್ತದೆ. ಅವುಗಳಲ್ಲಿ ಕೆಲವು ಮಾತ್ರ ಒಂದೆರಡು ಸಾಲನ್ನು ಟ್ರೈಲರ್‌ಗಳಿಗೆ ಬಿಡುತ್ತವೆ.

ಡಿ ಕರೆ ಮಾಡಿದ ಕಡೆಯೆಲ್ಲ ಒಂದೇ ಮಾತು: 'ಫಿಶ್ ಹೌಸಾ? ಇಲ್ಲ.' ಮನೆಯಲ್ಲೇ ಬಡಿದು ಕಟ್ಟಿದ, ವೈರಿಂಗ್ ನಂಬಲಾಗದ ಗಾಡಿಗಳನ್ನು ನೋಡಿ ಮ್ಯಾನೇಜರ್‌ಗಳು ರೋಸಿಹೋಗಿದ್ದರು. ಸುಮಾರು ಒಂದು ಗಂಟೆ ದೂರದ ಒಂದು ಪಾರ್ಕಿನಾಕೆ ಮಾತ್ರ ಎರಡು ಪ್ರಶ್ನೆ ಕೇಳಿದರು. ಗಾಡಿ ಹತ್ತು ವರ್ಷದೊಳಗಿನದಾ? ಆರ್‌ವಿಐಎ ಮುದ್ರೆ ಇದೆಯಾ? ಡಿ ಬಾಗಿಲ ಪಕ್ಕದ ಮುದ್ರೆಯ ಫೋಟೊ ಕಳಿಸಿದರು. ಜಾಗ ಖಾಲಿಯಾಗಲು ಕಾಯಬೇಕಾಯಿತು, ಆದರೆ ಸಿಕ್ಕಿತು. 26 ಸಾವಿರದ ಆ ಅಚ್ಚುಕಟ್ಟಾದ ಗಾಡಿ ಕೊಂಡಿದ್ದರೆ ಪ್ರಕರಣ ಇಲ್ಲಿಗೇ ಮುಗಿಯುತ್ತಿತ್ತು.

ಪಾರ್ಕಿನಲ್ಲಿ

ಸೆಪ್ಟೆಂಬರ್‌ನಲ್ಲಿ ಹೋದರು. ಜಲ್ಲಿ ಹಾಸಿದ ಜಾಗ, 30 ಆಂಪಿಯರ್ ಕರೆಂಟು, ಹೆಪ್ಪುಗಟ್ಟದ ನಲ್ಲಿ, ನೆಲದಲ್ಲೇ ಒಳಚರಂಡಿಯ ಬಾಯಿ. ಇಲ್ಲಿ ದೊಡ್ಡ ಬದಲಾವಣೆ ಒಂದು: ಗಾಡಿಯನ್ನು ಇಳಿಸಲೇ ಇಲ್ಲ. ಎತ್ತರಿಸಿದ ಸ್ಥಿತಿಯಲ್ಲೇ ಮರದ ದಿಮ್ಮಿಗಳ ಮೇಲೆ ನಿಲ್ಲಿಸಿ, ಸುತ್ತ ಫೋಮ್ ಹಲಗೆ ಕಟ್ಟಿ ಕೆಳಭಾಗ ಮುಚ್ಚಿದರು. ಕೊಳವೆಗೆ ಇಳಿಜಾರು ಸಿಕ್ಕಿತು. ಹೊಗೆ ಕಿಂಡಿ ಹಿಮದ ಮಟ್ಟದಿಂದ ಮೇಲೆ ಹೋಯಿತು. ಅಂದರೆ ಯಾವ ಸೌಲಭ್ಯದಿಂದ ಈ ಗಾಡಿ ಫಿಶ್ ಹೌಸ್ ಅನಿಸಿಕೊಳ್ಳುತ್ತದೋ, ಅದಕ್ಕೇ ದುಡ್ಡು ಕೊಟ್ಟು ಅದನ್ನೇ ಬಳಸದೆ ಬಿಟ್ಟರು. ಫೋಮ್ ಗೋಡೆಯ, ವರ್ಷದ ಎಲ್ಲ ಕಾಲಕ್ಕೂ ಆಗುವ ಸಾಮಾನ್ಯ ಟ್ರೈಲರ್ ಒಂದು ಸಿಕ್ಕಿದ್ದರೆ ಇದೇ ಕೆಲಸಕ್ಕೆ ಅದು ಹೆಚ್ಚು ಒದಗುತ್ತಿತ್ತು ಎಂದು ಈಗ ಅವರೇ ಹೇಳುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ.

ನಲ್ಲಿಯಿಂದ ಗಾಡಿಗೆ ಬಿಸಿ ತಂತಿ ಇರುವ ಹೋಸ್. ಇಂಡಕ್ಷನ್ ಒಲೆ, ಡಿಹ್ಯುಮಿಡಿಫೈಯರ್, 1,500 ವ್ಯಾಟ್‌ನ ಎಲೆಕ್ಟ್ರಿಕ್ ಹೀಟರ್. ಮೂರನ್ನೂ ಒಟ್ಟಿಗೆ ಹಾಕುವಂತಿಲ್ಲ, 30 ಆಂಪಿಯರ್ ಎಂದರೆ 3.6 ಕಿಲೋವ್ಯಾಟ್ ಮಾತ್ರ. ಅಡುಗೆ ಮಾಡುವಾಗ ಹೀಟರ್ ಆರಿಸುವ ಅಭ್ಯಾಸ ಆಯಿತು. ಗೋಡೆಗೆ ಹತ್ತು ಡಾಲರಿನ ತೇವಾಂಶ ಮೀಟರ್ ನೇತುಹಾಕಿದರು. ಅದರ ಮುಳ್ಳನ್ನು ಶೇ 30ರಿಂದ 35ರೊಳಗೆ ಇಡುವುದೇ ಗುರಿ. ಶೇ 30ರಲ್ಲಿ ನೀರು ಕಟ್ಟಲು ಮೇಲ್ಮೈ 2 ಡಿಗ್ರಿಗೆ ಇಳಿಯಬೇಕು. ಅಷ್ಟು ತಣ್ಣಗಾಗುವುದು ಕಿಟಕಿಯ ಚೌಕಟ್ಟು ಮತ್ತು ಬಾಗಿಲ ಚಿಲಕ ಮಾತ್ರ. ಡಿಹ್ಯುಮಿಡಿಫೈಯರ್‌ನ ಬಕೆಟ್ ದಿನಾ ಬೆಳಗ್ಗೆ ಚೆಲ್ಲಬೇಕಾಯಿತು. ಹಾಸಿಗೆ ಅಡಿ ಒಣಗಿತು.

ಒಂದು ಎಚ್ಚರಿಕೆ ಇಲ್ಲಿ ಹೇಳಬೇಕು. ಆ 2023-24ರ ಚಳಿಗಾಲ ಮಿನ್ನೆಸೋಟದ ದಾಖಲೆಯಲ್ಲೇ ಅತ್ಯಂತ ಬೆಚ್ಚಗಿನದು. ಎಷ್ಟೋ ಕೆರೆಗಳಲ್ಲಿ ಫಿಶ್ ಹೌಸ್ ಇಳಿಸುವಷ್ಟು ಮಂಜುಗಡ್ಡೆ ಕಟ್ಟಲೇ ಇಲ್ಲ. ಹಾಗಾಗಿ ಆ ವರ್ಷ ಎಲ್ಲ ಸರಿಹೋಯಿತು ಎನ್ನುವುದನ್ನು ಪೂರಾ ನಂಬುವ ಹಾಗಿಲ್ಲ. ಜನವರಿ ನಡುವಿನ ಕಡು ಚಳಿಯ ವಾರ ಒಂದೇ ನಿಜವಾದ ಪರೀಕ್ಷೆ. ಆ ವಾರ ಗಾಡಿ ಬೆಚ್ಚಗೂ ಇತ್ತು, ಒಣಗಿಯೂ ಇತ್ತು. ಮುಂದಿನ ಚಳಿಗಾಲದಲ್ಲೂ ಹಾಗೇ ನಡೆಯಿತು.

ದುಡ್ಡಿನ ಲೆಕ್ಕ, ಮತ್ತು ಏನು ತಿಳಿಯಿತು

ಗಾಡಿಗೆ 34 ಸಾವಿರ, ಮೇಲಿನ ಖರ್ಚು ನಾಲ್ಕೂವರೆ ಸಾವಿರ. ಚಳಿಗಾಲದ ತಿಂಗಳಲ್ಲಿ ಜಾಗದ ಬಾಡಿಗೆ 575, ವಿಮೆ 85, ಕರೆಂಟು 120, ಪ್ರೊಪೇನ್ 80 ಡಾಲರ್ ಆಸುಪಾಸು. ಒಟ್ಟು 860. ಅಪಾರ್ಟ್‌ಮೆಂಟ್‌ಗೆ ಹೋಲಿಸಿದರೆ ತಿಂಗಳಿಗೆ ಐನೂರರಷ್ಟು ಉಳಿತಾಯ. ಹಾಕಿದ ಬಂಡವಾಳ ಹುಟ್ಟಲು ಆರು ವರ್ಷ ಮೇಲೆ ಬೇಕು, ಅಷ್ಟರಲ್ಲಿ ಗಾಡಿಯ ಬೆಲೆ ಇಳಿದಿರುತ್ತದೆ. ಗಾಡಿಗೆ ಹತ್ತು ವರ್ಷ ತುಂಬಿದ ಮೇಲೆ ಇನ್ನೊಂದು ಪಾರ್ಕಿಗೆ ಹೋಗುವುದೂ ಕಷ್ಟ. ದುಡ್ಡು ಉಳಿಸಲೆಂದೇ ಇದಕ್ಕೆ ಇಳಿಯುವವರಿಗೆ ಪಾರ್ಕಿನಲ್ಲೇ ಇರುವ ಹಳೆಯ ಮ್ಯಾನುಫ್ಯಾಕ್ಚರ್ಡ್ ಹೋಮ್ ಮೇಲು. ಡಿಗೆ ಅದನ್ನೂ ಹೇಳಿದೆ. 'ಬೇಕೆಂದಾಗ ಟ್ರಕ್ಕಿಗೆ ಕಟ್ಟಿ ಹೊರಡಬಹುದು ಅನ್ನೋ ಧೈರ್ಯಕ್ಕೆ ಬೆಲೆ ಇಲ್ವಾ?' ಅಂದರು. ಇಲ್ಲಿಯವರೆಗೆ ಹೊರಟಿಲ್ಲ. ಆದರೆ ಅದು ಅವರ ಲೆಕ್ಕ.

ಇದೇ ಯೋಚನೆಯಲ್ಲಿರುವವರು ಕೆಲಸದ ಕ್ರಮವನ್ನು ತಿರುಗಿಸಬೇಕು. ಮೊದಲು ಜಾಗ. ಚಳಿಗಾಲದಲ್ಲೂ ನೀರು, ಒಳಚರಂಡಿ, ಕನಿಷ್ಠ 30 ಆಂಪಿಯರ್ ಕರೆಂಟು ಇರುವ, ಅಲ್ಲಿ ವಾಸ ಮಾಡುತ್ತೇವೆ ಎಂದು ಬಾಯಿಬಿಟ್ಟು ಹೇಳಿದರೂ ಒಪ್ಪುವ ಜಾಗ. ಅವರು ಯಾವ ಗಾಡಿ ಒಪ್ಪುತ್ತಾರೆ, ಎಷ್ಟು ಹಳೆಯದು, ಯಾವ ಮುದ್ರೆ ಎನ್ನುವುದನ್ನು ಕಾಗದದ ಮೇಲೆ ತೆಗೆದುಕೊಳ್ಳಬೇಕು. ಆ ಪಟ್ಟಿ ಕೈಯಲ್ಲಿ ಹಿಡಿದು ಗಾಡಿ ಹುಡುಕಬೇಕು. ವಿಮೆಯವರಿಗೆ ನಿಜ ಹೇಳಬೇಕು. ಇನ್ಸುಲೇಷನ್ ಎಷ್ಟು ಇಂಚು ಎನ್ನುವ ಪ್ರಶ್ನೆ ಇದಾದ ಮೇಲೆ ಬರಲಿ. ಮಾರುವವರು ಅದನ್ನೇ ಮೊದಲು ಹೇಳುತ್ತಾರೆ, ಏಕೆಂದರೆ ಅದು ಅವರ ಕೈಯಲ್ಲಿರುವ ಉತ್ತರ.

ಬಳಸಿದ ಗಾಡಿ ನೋಡಲು ಹೋಗುವುದಾದರೆ ಮಾರ್ಚ್‌ನಲ್ಲಿ ಹೋಗಿ. ರಾತ್ರಿ ಬಿಟ್ಟುಹೋಗುವ ಫಿಶ್ ಹೌಸ್‌ಗಳನ್ನು ರಾಜ್ಯದ ದಕ್ಷಿಣದ ಮೂರನೇ ಎರಡು ಭಾಗದಲ್ಲಿ ಮಾರ್ಚ್‌ನ ಮೊದಲ ಸೋಮವಾರದೊಳಗೆ, ಉತ್ತರದಲ್ಲಿ ಮೂರನೆಯ ಸೋಮವಾರದೊಳಗೆ ಮಂಜುಗಡ್ಡೆಯಿಂದ ತೆಗೆಯಬೇಕೆಂದು ನಿಯಮ ಇದೆ. ಆಗ ಗಾಡಿಗಳು ಕೆರೆಯಿಂದ ನೇರವಾಗಿ ಮಾರಾಟಕ್ಕೆ ಬರುತ್ತವೆ, ಒರೆಸಿ ಬಣ್ಣ ಹಚ್ಚಲು ಯಾರಿಗೂ ಪುರಸೊತ್ತು ಇರುವುದಿಲ್ಲ. ಮಂಚದ ಹಾಸಿಗೆ ಎತ್ತಿ ಪ್ಲೈವುಡ್ ಮುಟ್ಟಿ ನೋಡಿ. ತೂತಿನ ಮುಚ್ಚಳ ತೆಗೆದು ಅಂಚಿನ ನೆಲ ಮೆತ್ತಗಾಗಿದೆಯಾ ನೋಡಿ. ಕೆಳಗೆ ಬಗ್ಗಿ, ಚಕ್ರದ ತೋಳು ಚೌಕಟ್ಟಿಗೆ ಸೇರುವ ಕಡೆ ಬೆಸುಗೆಯಲ್ಲಿ ಬಿರುಕು, ತುಕ್ಕು ಇದೆಯಾ ಎಂದು ಟಾರ್ಚ್ ಬಿಟ್ಟು ನೋಡಿ. ಗಾಡಿಯನ್ನು ಒಮ್ಮೆ ಪೂರ್ತಿ ಇಳಿಸಿ, ಮತ್ತೆ ಎತ್ತಿಸಿ ತೋರಿಸಲು ಹೇಳಿ.